ಒಂದೇ ಸಾಲಿನಲ್ಲಿ ಕುಳಿತು ಉಂಡ ಊಟದ ನಿವೇದನೆ

ದಾನಮ್ಮ ತಾಯಿ,

ನಿನಗೆ ಎಡೆ ಹಿಡಿಯುವುದು ನನಗೆ ಹೊಸದಲ್ಲ. ಹಬ್ಬಕ್ಕೆ ಹೋಳಿಗೆ, ಹೊಸ ಜೋಳ ಬಂದಾಗ ಮೊದಲ ರೊಟ್ಟಿ, ಎಮ್ಮೆ ಈದಾಗ ಗಿಣ್ಣ, ಎಲ್ಲವನ್ನೂ ನನ್ನ ಒಲೆಯ ಮೇಲೆ ನನ್ನ ಕೈಯಾರೆ ಮಾಡಿ ನಿನ್ನ ಹೆಸರಿನಲ್ಲಿ ಎತ್ತಿಟ್ಟಿದ್ದೇನೆ. ಇಂದಿನ ಎಡೆ ಅಂಥದ್ದಲ್ಲ. ಜತ್ತದ ಒಂದು ಹೋಟೆಲಿನಲ್ಲಿ ಕುರ್ಚಿಯ ಮೇಲೆ ಕುಳಿತು, ಬೇರೆಯವರು ಬೇಯಿಸಿದ್ದನ್ನು ರೊಕ್ಕ ಕೊಟ್ಟು ಉಂಡ ಊಟ ಇದು. ಮಗಳು ಪುಣೆಯಿಂದ ಬಂದಳೆಂದು ಮನೆಮಂದಿಯೆಲ್ಲ ಹೋಗಿ ಉಂಡದ್ದು. ಉಂಡ ಮೇಲೆ ಎಡೆ ಹಿಡಿಯುವವರುಂಟೇ ಎಂದು ಯಾರಾದರೂ ಕೇಳಿಯಾರು. ಆ ಊಟ ಹೊಟ್ಟೆಯಲ್ಲಿ ಕರಗಿದೆ, ಮನಸ್ಸಿನಲ್ಲಿ ಕರಗಿಲ್ಲ. ಮನಸ್ಸಿನಲ್ಲಿ ಉಳಿದದ್ದನ್ನು ನಿನ್ನ ಮುಂದಿಡುತ್ತೇನೆ, ಒಪ್ಪಿಸಿಕೋ.

ನೀನು ನಮ್ಮ ನೆಲದವಳು. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ, ಕಲ್ಯಾಣಕ್ಕೆ ಹೋಗಿ ಬಸವಣ್ಣನವರನ್ನು ಕಂಡು, ಗುಡ್ಡಾಪುರದಲ್ಲಿ ನೆಲೆ ನಿಂತೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಉಮರಾಣಿಯೂ ಗುಡ್ಡಾಪುರವೂ ನಮ್ಮ ಕುಣಿಕೋಣೂರವೂ ಇಂದು ಒಂದೇ ಜತ್ತ ತಾಲೂಕಿನ ಊರುಗಳು. ಆದ್ದರಿಂದ ಈ ಸೀಮೆಯ ಬಗ್ಗೆ ನಾನು ನಿನಗೆ ಬಿಡಿಸಿ ಹೇಳಬೇಕಾದದ್ದಿಲ್ಲ. ಮಳೆನೆರಳಿನ ನಾಡು. ಮುಂಗಾರು ಸಹ್ಯಾದ್ರಿಯಲ್ಲಿ ಸುರಿದು ಹಗುರಾಗಿ ನಮ್ಮ ನೆತ್ತಿಯ ಮೇಲೆ ಬರಿದೇ ಹಾಯುತ್ತದೆ. ಸಜ್ಜೆ ಬಿತ್ತಿದವರು ಮುಗಿಲು ನೋಡುತ್ತಾರೆ. ಬಿಳಿಜೋಳ ಬಿತ್ತಿದವರು ಹಿಂಗಾರಿನ ಒಂದೆರಡು ಹದ ಮಳೆಯನ್ನೂ ಆಮೇಲಿನ ಇಬ್ಬನಿಯನ್ನೂ ನಂಬಿಕೊಂಡಿರುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರಿನ ಹಾರ್ನು ಕೇಳಿದರೆ ಉಣ್ಣುತ್ತಿದ್ದ ಕೈ ಹಾಗೇ ಬಿಟ್ಟು ಕೊಡ ಹಿಡಿದು ಓಡುತ್ತೇವೆ.

ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯನ್ನು ಪಂಪು ಹಚ್ಚಿ ಹಂತಹಂತವಾಗಿ ಮೇಲೆತ್ತಿ ಈ ಕಡೆಗೆ ತರುವ ಯೋಜನೆ ನಮ್ಮ ಹಿರಿಯರ ಕಾಲದಿಂದ ನಡೆದಿದೆ. ಅದರಲ್ಲಿ ಬಿಟ್ಟುಹೋದ ನಮ್ಮ ತಾಲೂಕಿನ 65 ಹಳ್ಳಿಗಳಿಗೆಂದು ಈಗ ವಿಸ್ತಾರಿತ ಯೋಜನೆ ಬಂದಿದೆ. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದು 2012ರಲ್ಲಿ ಹತ್ತಾರು ಹಳ್ಳಿಗಳು ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಆ ಹಳೇ ಠರಾವಿನ ಮಾತೆತ್ತಿದಾಗ ಮುಂಬಯಿಯಿಂದಲೂ ಬೆಂಗಳೂರಿನಿಂದಲೂ ಮಂದಿ ಜತ್ತದ ಕಡೆ ನೋಡಿದರು. ಅದೇ ದಿನಗಳಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ನಮ್ಮ ತಿಕೋಂಡಿಯ ಕೆರೆಗೆ ಇಳಿಯಿತು. ಅದೂ ಕೃಷ್ಣೆಯ ನೀರೇ. ಗಡಿಯ ಈಚಿನಿಂದ ಬಂದರೂ ಆಚಿನಿಂದ ಬಂದರೂ ಕೊಡ ತುಂಬಿದರೆ ನನಗೆ ಸಾಕು. ನಾನು ಕನ್ನಡದಲ್ಲಿ ಬೇಡುತ್ತೇನೆ, ನೆರೆಮನೆಯವಳು ಮರಾಠಿಯಲ್ಲಿ ಬೇಡುತ್ತಾಳೆ, ಇಬ್ಬರದೂ ಬಂದು ಮುಟ್ಟುವುದು ನಿನ್ನ ಗುಡಿಯ ಮೆಟ್ಟಿಲನ್ನೇ.

ನೀರಿಲ್ಲದ ನೆಲ ಮಕ್ಕಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ದಸರಾ ಮುಗಿದು ದೀಪಾವಳಿ ಬರುವ ಹೊತ್ತಿಗೆ ನಮ್ಮ ಕಡೆಯ ಹಳ್ಳಿಗಳಿಂದ ಕಬ್ಬು ಕಡಿಯುವ ಟೋಳಿಗಳು ಟ್ರ್ಯಾಕ್ಟರ್ ಹತ್ತುತ್ತವೆ. ಮುಕಾದಮರ ಲೆಕ್ಕದಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಒಂದು ಕೋಯ್ತಾ. ಮುಂಗಡ ಪಡೆದ ಉಚಲ ತೀರುವ ತನಕ ಕಬ್ಬಿನ ಫಡದಲ್ಲಿ ಗುಡಿಸಲು, ನಸುಕಿನಲ್ಲಿ ರೊಟ್ಟಿ, ರಾತ್ರಿ ಗಾಡಿ ತುಂಬುವುದು. ಕೂಸುಗಳು ಸಂಗಡ ಹೋಗುತ್ತವೆ, ಶಾಲೆ ತಪ್ಪುತ್ತದೆ. ನನ್ನ ಮಗಳು ಬೇರೆ ದಾರಿಯಿಂದ ಹೊರಗೆ ಹೋದಳು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತಳು, ಮಿರಜಕ್ಕೆ ಹೋಗಿ ನರ್ಸಿಂಗ್ ಮಾಡಿದಳು. 1890ರ ದಶಕದಲ್ಲಿ ವಾನ್ಲೆಸ್ ಸಾಹೇಬರು ದವಾಖಾನೆ ಕಟ್ಟಿದಾಗಿನಿಂದ ಮಿರಜ ನಮ್ಮ ಸೀಮೆಗೆಲ್ಲ ದವಾಖಾನೆಯ ಊರು. ರೋಗಿಯನ್ನು ಕರೆದುಕೊಂಡು ಹೋಗುವ ಊರಿಗೆ ನಾವು ನಮ್ಮ ಮಗಳನ್ನು ಆರೈಕೆ ಮಾಡುವವಳಾಗಿ ಕಳಿಸಿದೆವು. ಈಗ ಪುಣೆಯ ಒಂದು ದೊಡ್ಡ ದವಾಖಾನೆಯಲ್ಲಿ ಕೆಲಸ. ಪಾಳಿ ಯಾವಾಗ ಹಗಲೋ ಯಾವಾಗ ರಾತ್ರಿಯೋ ನಮಗೆ ಗೊತ್ತಾಗುವುದಿಲ್ಲ. ಫೋನು ಹಚ್ಚುವ ಮುಂಚೆ, ಮಲಗಿರುತ್ತಾಳೋ ಎದ್ದಿರುತ್ತಾಳೋ ಎಂದು ಒಂದು ಕ್ಷಣ ಬೆರಳು ತಡೆಯುತ್ತದೆ.

ತಾಯಿ, ಇಂಥ ಮಗಳು ಮನೆಗೆ ಬಂದರೆ ಏನು ಮಾಡಬೇಕೆಂದು ನಮ್ಮ ಹಿರಿಯರು ಹೇಳಿಟ್ಟಿಲ್ಲ. ಲಗ್ನವಾದ ಮಗಳು ಪಂಚಮಿಗೆ ಬಂದರೆ ಜೋಕಾಲಿ ಇದೆ, ಉಂಡಿ ಇದೆ, ಹೋಗುವಾಗ ಉಡಿ ತುಂಬುವುದಿದೆ. ಬಾಣಂತನಕ್ಕೆ ಬಂದರೆ ಎಣ್ಣೆ, ನೀರು, ಶೇಕ, ಅಂಟಿನುಂಡಿ. ಸೈನ್ಯದಿಂದ ರಜೆಗೆ ಬಂದ ಮಗನಿಗೆ ಬಾಗಿಲಲ್ಲಿ ಆರತಿ. ದುಡಿದು ದಣಿದು, ಎರಡು ಪಾಳಿಗಳ ನಡುವೆ ಸಿಕ್ಕ ರಜೆಯಲ್ಲಿ ಚೀಲ ಹೊತ್ತು ಎಸ್‌ಟಿಯಿಂದ ಇಳಿಯುವ ಮಗಳಿಗೆ ಯಾವ ಶಾಸ್ತ್ರವೂ ಇಲ್ಲ. ಆಕೆ ತವರಿಗೆ ಬಂದವಳಲ್ಲ, ಇದೇ ಆಕೆಯ ಮನೆ. ಅತಿಥಿಯೂ ಅಲ್ಲ. ಹಾಗೆಂದು ದಿನಾ ಇರುವವಳೂ ಅಲ್ಲ. ಇಂಥ ಬರವಿಗೆ ನಮ್ಮಂಥ ಮನೆಗಳಲ್ಲಿ ಈಚೆಗೆ ಹುಟ್ಟಿದ ಶಾಸ್ತ್ರವೆಂದರೆ ಹೋಟೆಲಿನ ಊಟ. ಪುಣೆ, ಮುಂಬಯಿ, ಬೆಂಗಳೂರಿನಿಂದ ಮಕ್ಕಳು ಬಂದರೆ ಒಂದು ಹೊತ್ತು ಜತ್ತಕ್ಕೋ ವಿಜಯಪುರಕ್ಕೋ ಹೋಗಿ ಎಲ್ಲರೂ ಕೂಡಿ ಉಂಡು ಬರುವುದು. ಇದನ್ನು ಶೋಕಿ ಎನ್ನುವವರಿದ್ದಾರೆ. ನಾನು ಎನ್ನಲಾರೆ. ಅದು ಹೇಗೆ ಹುಟ್ಟಿತೆಂಬುದನ್ನು ಒಲೆಯ ಮುಂದೆ ನಿಂತವಳೇ ಹೇಳಬೇಕು.

ಮಗಳು ಬಂದರೆ ನಾನು ಅಡಿಗೆಮನೆ ಸೇರುತ್ತೇನೆ. ಪುಣೆಯಲ್ಲಿ ಏನು ಸಿಗುವುದಿಲ್ಲವೋ ಅದೆಲ್ಲ ಮಾಡಬೇಕು: ಎಣ್ಣೆಗಾಯಿ, ಪುಂಡಿಪಲ್ಯ, ಜುನಕ, ಗುರೆಳ್ಳ ಚಟ್ನಿ, ಶೇಂಗಾ ಹೋಳಿಗೆ. ರೊಟ್ಟಿಯಂತೂ ಬಿಸಿಯಾಗಿಯೇ ತಾಟಿಗೆ ಬೀಳಬೇಕು. ಬಿಸಿರೊಟ್ಟಿ ಕೊಡುವವಳು ಕೂಡುವಂತಿಲ್ಲ. ಒಂದು ತವೆಯ ಮೇಲೆ ಉಬ್ಬುತ್ತಿದ್ದರೆ ಇನ್ನೊಂದು ಕೈಯಡಿ ಇರುತ್ತದೆ. ಮಾವ, ಗಂಡ, ಮಕ್ಕಳು, ಬಂದವರು, ಎಲ್ಲರದೂ ಆದ ಮೇಲೆ ಅತ್ತೆ, ಅತ್ತೆಯದಾದ ಮೇಲೆ ಸೊಸೆ. ಇದು ನಮ್ಮ ಮನೆಯೊಂದರ ಸಂಗತಿಯಲ್ಲ, ಈ ಸೀಮೆಯ ಮನೆಮನೆಯದು. ವರ್ಷಕ್ಕೊಮ್ಮೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಜೋಳದ ನಡುವೆ ಕೂಡಿ ಉಣ್ಣುತ್ತೇವೆ. ಅಲ್ಲಿಯೂ ಬುತ್ತಿ ಬಿಚ್ಚಿ ಬಡಿಸುವ ಕೈ ಯಾರದೆಂದು ನಿನಗೆ ಗೊತ್ತು. ನನ್ನ ಅತ್ತೆ ನನ್ನ ಜೊತೆ ಜಗಳಾಡಿದ್ದು ಕಡಿಮೆ, ಪ್ರೀತಿ ಮಾಡಿದ್ದೇ ಹೆಚ್ಚು. ಆದರೆ ನಾವಿಬ್ಬರೂ ಎದುರುಬದುರು ಕುಳಿತು ನಿರಾಳವಾಗಿ ಉಂಡದ್ದು ನೆನಪಿಗೆ ಬರುವುದಿಲ್ಲ.

ಈ ಸಲ ಬಂದ ರಾತ್ರಿ ಮಗಳು ಉಣ್ಣುತ್ತ ಪುಣೆಯ ಮಾತು ಹೇಳುತ್ತಿದ್ದಳು. ನಾನು ತವೆಯ ಕಡೆ ಮುಖ ಮಾಡಿ ಹೂಂಗುಟ್ಟುತ್ತಿದ್ದೆ. ಮಾತು ನಿಲ್ಲಿಸಿ ಅಂದಳು, "ಅವ್ವಾ, ನಿನ್ನ ಬೆನ್ನ ನೋಡಕೋತ ಉಣ್ಣೂದು ಸಾಕಾಗೈತಿ ನನಗ. ನಾಳೆ ಎಲ್ಲಾರೂ ಜತ್ತಕ್ಕ ಹೋಗೂಣು. ನೀ ನನ್ನ ಎದರಿಗೆ ಕುಂಡರಬೇಕು, ಅಷ್ಟ."

ಅತ್ತೆ ಒಪ್ಪಲಿಲ್ಲ. "ಮನ್ಯಾಗ ಜ್ವಾಳ ಐತಿ, ಹೈನ ಐತಿ, ಹೊರಗ ಯಾಕ ಉಣ್ಣಬೇಕ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಅವರು ಹೊಸ ಸೊಸೆಯಾಗಿ ಬಂದ ಕಾಲಕ್ಕೆ 1972ರ ಬರ ಬಿತ್ತು. ಬರದ ಕಾಮಗಾರಿಯಲ್ಲಿ ಖಡಿ ಒಡೆದವರು ಅವರು. ಪರದೇಶದಿಂದ ಹಡಗಿನಲ್ಲಿ ಬಂದ ಕೆಂಪು ಜೋಳ, ಮಿಲೋ ಅನ್ನುತ್ತಿದ್ದರಂತೆ, ಅದರ ರೊಟ್ಟಿ ತಿಂದಿದ್ದಾರೆ, ಕೆಲಸದ ಮೇಲೆ ಹಂಚುತ್ತಿದ್ದ ಸುಕಡಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಮನೆಯ ಮಕ್ಕಳಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ಬಿಳಿಜೋಳ ಇರುವಾಗ ಹೊರಗೆ ಹೋಗಿ ಉಣ್ಣುವುದೆಂದರೆ ಅವರ ಲೆಕ್ಕದಲ್ಲಿ ಲಕ್ಷ್ಮಿಗೆ ಬೆನ್ನು ತಿರುಗಿಸಿದ ಹಾಗೆ. ಮಗಳು ವಾದ ಮಾಡಲಿಲ್ಲ. ಅಜ್ಜಿಯ ಕಾಲ ಹತ್ತಿರ ಕುಳಿತು, "ಆಯಿ, ನೀ ಬರಲಿಲ್ಲಂದ್ರ ಅವ್ವನೂ ಬರಾಂಗಿಲ್ಲ" ಎಂದಳು, ಅಷ್ಟೇ. ಅತ್ತೆ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತು ನೋಡಿದರು. "ಹಂಗಾರ ನಡೀರಿ" ಎಂದು ಎದ್ದು ಇಲಕಲ್ ಸೀರೆ ತೆಗೆದರು.

ಎಸ್‌ಟಿಯಲ್ಲಿ ಹೋದೆವು. ಎಪ್ಪತ್ತೈದು ದಾಟಿದವರಿಗೆ 2022ರಿಂದ ಟಿಕೆಟಿಲ್ಲ, ಅತ್ತೆಯದು ಪುಕ್ಕಟೆ. 2023ರಿಂದ ಹೆಂಗಸರಿಗೆ ಅರ್ಧ, ನನ್ನದೂ ಮಗಳದೂ ಅರ್ಧ. ಪೂರಾ ಟಿಕೆಟು ನಮ್ಮವರದೊಂದೇ. ಮೊದಲಿನ ಹಾಗೆ ವಡಾಪ್ ಜೀಪಿನಲ್ಲಿ ತುರುಕಿಕೊಂಡು, ಯಾರು ಮನೆಯಲ್ಲಿ ಉಳಿದರೆ ಖರ್ಚು ಉಳಿದೀತೆಂದು ಎಣಿಸಿ, ಕೊನೆಗೆ ಹೆಂಗಸರೇ ಉಳಿಯುವ ಕಾಲ ಕಣ್ಣೆದುರೇ ಸರಿದಿದೆ. ಅರ್ಧ ಟಿಕೆಟು ಸಣ್ಣ ಮಾತಲ್ಲ ತಾಯಿ. ನಿನ್ನ ಗುಡಿಗೆ ಬರುವ ಹೆಂಗಸರ ಸಂಖ್ಯೆಯನ್ನು ನೀನೇ ನೋಡುತ್ತಿರಬೇಕು.

ಹೋಟೆಲಿನ ಹೊರಗೆ ಬೋರ್ಡು ಮರಾಠಿಯಲ್ಲಿ, ಶುದ್ಧ ಶಾಕಾಹಾರಿ ಎಂದು. ಒಳಗೆ ಒಂದು ಕಡೆ ಫ್ಯಾಮಿಲಿ ರೂಮ್. ನನ್ನ ಚಿಕ್ಕಂದಿನಲ್ಲಿ ಖಾನಾವಳಿ ಎಂದರೆ ಗಂಡಸರ ಜಾಗ. ಕೋರ್ಟಿಗೆ ಬಂದವರು, ಪೇಟೆಗೆ ಮಾಲು ತಂದವರು, ಊರು ಬಿಟ್ಟು ಕಲಿಯುವ ಹುಡುಗರು ಅಲ್ಲಿ ಉಣ್ಣುತ್ತಿದ್ದರು. ಹೆಂಗಸರು ಪೇಟೆಗೆ ಹೋದರೆ ಬುತ್ತಿ ಕಟ್ಟಿಕೊಂಡು ಹೋಗಿ ಗುಡಿಯ ಕಟ್ಟೆಯ ಮೇಲೆ ಬಿಚ್ಚುತ್ತಿದ್ದರು. ಈಗ ಆ ರೂಮಿನಲ್ಲಿ ನಮ್ಮಂಥವೇ ಇನ್ನೂ ಕೆಲವು ಮನೆಮಂದಿ. ಒಂದು ಟೇಬಲಿನಲ್ಲಿ ಮರಾಠಿ, ಇನ್ನೊಂದರಲ್ಲಿ ಕನ್ನಡ, ಮೂಲೆಯಲ್ಲಿ ಎರಡೂ. ಮಾಣಿ ಬಂದು ಮರಾಠಿಯಲ್ಲಿ ಕೇಳಿದ. ನಾನು ರೂಢಿಯಂತೆ, "ರೊಟ್ಟಿ ಬಿಸಿ ಅದಾವೇನಪ್ಪಾ?" ಎಂದೆ. ಅವನ ನಾಲಿಗೆ ತಟ್ಟನೆ ಹೊರಳಿತು, "ಅದಾವ್ರಿ ಅವ್ವಾರ, ಈಗ ಬಡ್ಯಾಕತ್ತಾರ."

ಮಗಳು ಮೆನು ಕಾರ್ಡು ನನ್ನ ಕೈಗೇ ಕೊಟ್ಟಳು. "ನೀ ಏನ ತಿಂತಿ ಹೇಳವ್ವಾ."

ತಾಯಿ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮವರಿಗೆ ಪಲ್ಯ ಖಾರ ಇರಬೇಕು, ಬೆಲ್ಲ ಹಾಕಬಾರದು. ಅತ್ತೆಗೆ ಬದನೆ ಆಗುವುದಿಲ್ಲ, ಮೈ ತುರಿಸುತ್ತದೆ. ಮಗಳಿಗೆ ಮೊಸರಿನ ಕೆನೆ ಬೇಕು. ಎಲ್ಲರ ನಾಲಿಗೆ ನನಗೆ ಬಾಯಿಪಾಠ. ನನಗೇನು ಸೇರುತ್ತದೆ? ಉಳಿದದ್ದು ಸೇರುತ್ತದೆ, ಇಷ್ಟು ವರ್ಷ ಹಾಗೆಯೇ ನಡೆದುಬಂದಿದೆ. ಕಾರ್ಡಿನ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಮಗಳು ಅವಸರ ಮಾಡಲಿಲ್ಲ. ಮಾಣಿಗೂ ಆಮೇಲೆ ಬಾ ಎಂದಳು. ಕೊನೆಗೆ ಒಂದು ಹೆಸರು ಕಣ್ಣಿಗೆ ಬಿತ್ತು: ಅಖ್ಖಾ ಮಸೂರ. ನಮ್ಮ ಸಾಂಗಲಿ ಜಿಲ್ಲೆಯದೇ ಊಟ, ಆದರೆ ಪಶ್ಚಿಮದ ಇಸ್ಲಾಂಪುರ ಕಡೆಯದು, ಕೃಷ್ಣೆಯ ದಂಡೆಯ ಕಬ್ಬಿನ ನಾಡಿನದು. ಆ ಕಡೆ ಕಬ್ಬು ಕಡಿಯಲು ಹೋದವರು ಬಂದು ಹೇಳುತ್ತಿದ್ದುದನ್ನು ಕೇಳಿದ್ದೆ, ಇಡೀ ಮಸೂರ, ಉಳ್ಳಾಗಡ್ಡಿ, ಮೇಲೆ ತೇಲುವ ಕೆಂಪೆಣ್ಣೆ. ಮನೆಯಲ್ಲಿ ನಾನು ಮಾಡಿದವಳಲ್ಲ. "ಇದ ತರಸು" ಎಂದೆ. ಬಂತು. ಮಸೂರ ಮೆತ್ತಗೆ ಬೆಂದಿತ್ತು, ಒಂದೊಂದು ಕಾಳೂ ಬಿಡಿಬಿಡಿ ಇತ್ತು, ಬಾಯಿಗಿಟ್ಟರೆ ಹುರಿದ ಕೊಬ್ಬರಿಯ ಸುಟ್ಟ ವಾಸನೆ. ನನಗೆ ಸೇರಿತು. ಇಗೋ, ನನಗೆ ಸೇರುವುದು ಇಂಥದ್ದೊಂದಿದೆ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಆ ಮೊದಲ ತುತ್ತು ನಿನಗೆ.

ಅತ್ತೆ ಕುರ್ಚಿಯ ಮೇಲೆಯೇ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕುಳಿತರು. ತಾಟು ಮುಂದೆ ಬಂದಾಗ ಕೊರಳ ವಸ್ತ್ರದಲ್ಲಿ ಕಟ್ಟಿದ ಇಷ್ಟಲಿಂಗ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ರೊಟ್ಟಿಯ ತುಣುಕು ತೋರಿಸಿ ಕಣ್ಣು ಮುಚ್ಚಿದರು. ಸುತ್ತ ಗದ್ದಲ, ಎಲ್ಲೋ ಫೋನಿನಲ್ಲಿ ಹಾಡು. ಅವರಿಗೆ ಅದಾವುದೂ ಇರಲಿಲ್ಲ. ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದ, ಹೋಟೆಲಿನದಾದರೂ ಪ್ರಸಾದವೇ. ಪ್ರಸಾದವನ್ನು ತಾಟಿನಲ್ಲಿ ಬಿಡುವಂತಿಲ್ಲ. ಅಗುಳು ಬಿಡದೆ ಉಂಡರು, ರೊಟ್ಟಿಯ ಚೂರಿನಿಂದ ವಾಟಿ ಒರೆಸಿದರು. ಕೊನೆಗೆ ತಾಟಿಗೆ ನೀರು ಸುರಿದು, ಬೆರಳಿನಿಂದ ಸುತ್ತ ತೊಳೆದು, ಎತ್ತಿ ಆ ನೀರು ಕುಡಿದರು. ಅಷ್ಟರಲ್ಲಿ ತಾಟು ಎತ್ತಲು ಮಾಣಿ ಬಂದಿದ್ದ. "ತಡೀರಿ, ಆಯೀದು ಇನ್ನೂ ಮುಗಿದಿಲ್ಲ" ಎಂದು ಮಗಳು ಕೈ ಅಡ್ಡ ಹಿಡಿದಳು. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ದೊಡ್ಡ ಊರಿಗೆ ಹೋದ ಮಕ್ಕಳು ಮನೆಯ ರೀತಿಗೆ ನಾಚುತ್ತಾರೆಂಬ ಅಂಜಿಕೆ ಹೆತ್ತವರಿಗೆ ಇರುತ್ತದೆ. ನನ್ನಿಂದ ಆ ಅಂಜಿಕೆಯನ್ನು ನೀನು ಆ ಕ್ಷಣಕ್ಕೆ ತೆಗೆದುಕೊಂಡೆ. ಅದಕ್ಕೆ ನಿನಗೆ ಶರಣು.

ಎದುರು ಕುಳಿತಾಗ ಕಾಣುವುದು ಬೆನ್ನು ಮಾಡಿದಾಗ ಕಾಣುವುದಿಲ್ಲ. ಮಗಳು ಬಹಳ ಬೇಗ ಉಣ್ಣುತ್ತಾಳೆ. ಮೊದಲು ಹಾಗಿರಲಿಲ್ಲ, ಶಾಲೆಗೆ ಹೊತ್ತಾಗುತ್ತದೆಂದು ನಾನೇ ಗದರಿಸುವಷ್ಟು ನಿಧಾನ ಇದ್ದಳು. ಈಗ ಅಗಿಯುತ್ತಿರುವಾಗಲೇ ಮುಂದಿನ ತುತ್ತು ಬೆರಳಲ್ಲಿ ತಯಾರಿರುತ್ತದೆ, ಕಣ್ಣು ಬಾಗಿಲ ಕಡೆಗೆ. "ಯಾಕವ್ವಾ ಇಷ್ಟ ಗಡಿಬಿಡಿ?" ಎಂದೆ. "ಡ್ಯೂಟಿ ರೂಢಿ ಅವ್ವಾ. ಉಣ್ಣಾಕ ಕುಂತಾಗನ ಕರಿತಾರ" ಎಂದಳು. ಆಮೇಲೆ ತಾನೇ ನಿಧಾನ ಮಾಡಲು ನೋಡಿದಳು, ಎರಡು ತುತ್ತಿಗೆ ನಿಧಾನ, ಮತ್ತೆ ಅದೇ ವೇಗ. ರಾತ್ರಿ ಪಾಳಿಯಲ್ಲಿ ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಯಾರ ಜೊತೆ, ಏನು, ಎಲ್ಲ ಕೇಳಿದೆ. ಡಬ್ಬಿ ತೆರೆದು ಮುಚ್ಚಿ ಇಟ್ಟು, ರೋಗಿಯ ಹತ್ತಿರ ಓಡಿ, ಬಂದು ಆರಿದ್ದನ್ನು ತಿನ್ನುವುದಂತೆ. ಒಬ್ಬ ಮುದುಕಿ ರೋಗಿ ಸೊಲ್ಲಾಪುರ ಕಡೆಯವರು, ಕನ್ನಡ ಬಿಟ್ಟು ಬೇರೆ ಮಾತು ಬಾರದವರು, ಇವಳು ಕನ್ನಡದಲ್ಲಿ ಮಾತಾಡಿಸಿದ ಮೇಲೆಯೇ ಗಂಜಿಗೆ ಬಾಯಿ ತೆರೆದರಂತೆ. ಅದನ್ನು ಹೇಳುವಾಗ ಅವಳ ಕೈ ತಾನಾಗಿ ನಿಂತಿತ್ತು. ಇಂಥ ಮಾತು ಅವಳು ಹಿಂದೆಯೂ ಹೇಳಿರಬೇಕು, ಒಲೆಯ ಸಪ್ಪಳದಲ್ಲಿ ನನಗೆ ಅರ್ಧ ಕೇಳಿ ಅರ್ಧ ಕೇಳದೆ ಹೋಗಿರಬೇಕು.

ನಾನು ನಿನ್ನಲ್ಲಿ ಬೇಡುವ ಮೊದಲನೆಯದು ಇದು. ಬೇರೆಯವರ ಬಾಯಿಗೆ ಗಂಜಿ ಇಡುವ ಮಗಳಿಗೆ ತನ್ನ ಡಬ್ಬಿ ಪೂರ್ತಿ ಉಂಡು ಮುಗಿಸುವಷ್ಟು ಹೊತ್ತು ಸಿಗಲಿ. ಅವಳ ಜೊತೆ ದುಡಿಯುವ ಎಲ್ಲ ಹುಡುಗಿಯರಿಗೂ ಸಿಗಲಿ. ಕೇರಳದಿಂದ ಬಂದವರಿದ್ದಾರಂತೆ, ಮರಾಠವಾಡಾದಿಂದ ಬಂದವರಿದ್ದಾರಂತೆ, ಅವರಿಗೂ ಎಲ್ಲೋ ಒಬ್ಬ ಅವ್ವ ಫೋನು ಹಿಡಿದು ಬೆರಳು ತಡೆದು ನಿಂತಿರುತ್ತಾಳೆ.

ಎರಡನೆಯದು ಹೇಳಲು ಕಷ್ಟವಾಗುತ್ತದೆ, ಆದರೂ ಹೇಳುತ್ತೇನೆ. ಉಣ್ಣುವಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಆ ಸಪ್ಪಳದ ಅರ್ಥ ನನಗೆ ತಿಳಿಯುತ್ತದೆ. ಉಂಡೆ ದಪ್ಪ ಇದ್ದಾಗ ಮಂದವಾಗಿ ಕೇಳುತ್ತದೆ, ಹರಡುತ್ತ ಹೋದ ಹಾಗೆ ತೆಳುವಾಗುತ್ತದೆ, ಅಂಚಿಗೆ ಬಂದಾಗ ಬರೀ ಬೆರಳ ಸಪ್ಪಳ. ಆ ಕೈ ಪಳಗಿದ ಕೈ. ಆದರೆ ನಡುನಡುವೆ ತಡೆದು ಮತ್ತೆ ಬಡಿಯುತ್ತಿತ್ತು. ಹಿಟ್ಟಿಗೆ ಜಿಗಿ ಇಲ್ಲದಿದ್ದಾಗ ಹಾಗಾಗುತ್ತದೆ. ಬೀಸಿ ಬಹಳ ದಿನವಾದ ಜೋಳದ ಹಿಟ್ಟು ಎಸರಿನ ನೀರಿಗೂ ಕೂಡುವುದಿಲ್ಲ, ಅಂಚು ಸೀಳುತ್ತದೆ, ಸೀಳಿದಲ್ಲಿ ಮತ್ತೆ ತಟ್ಟಿ ಕೂಡಿಸಬೇಕು. ಊಟದ ನಡುವೆ ಕೈ ತೊಳೆಯಲು ಹೋದಾಗ ಬಾಗಿಲಿನಿಂದ ನೋಡಿದೆ. ನನ್ನ ವಯಸ್ಸಿನವಳೇ. ಗ್ಯಾಸಿನ ಭಟ್ಟಿಯ ಮುಂದೆ ಹಲಗೆ, ಪಕ್ಕದಲ್ಲಿ ಒದ್ದೆ ಅರಿವೆ, ತವೆಯ ಮೇಲಿನ ರೊಟ್ಟಿಗೆ ನೀರು ಸವರಿ, ಹೊರಳಿಸಿ, ಉರಿಯ ಮೇಲಿಟ್ಟು ಉಬ್ಬಿಸಿ ಬುಟ್ಟಿಗೆ ಹಾಕುತ್ತಿದ್ದಳು. "ಯಾವೂರವ್ವಾ?" ಎಂದೆ. ಬೋರ್ ನದಿಯ ಕಡೆಯ ಊರು ಹೇಳಿದಳು. ಮಗ ಸೊಸೆ ಕಬ್ಬಿಗೆ ಹೋಗಿದ್ದಾರೆ, ಮೊಮ್ಮಕ್ಕಳು ತನ್ನ ಹತ್ತಿರ ಶಾಲೆಗೆ. ಬಡಿದ ರೊಟ್ಟಿಯ ಎಣಿಕೆಯ ಮೇಲೆ ಪಗಾರ. "ಉಂಡಿ?" ಎಂದೆ. "ನೀವ ಉಣ್ರಿ ಅಕ್ಕಾ. ನಂದು ಗಿರಾಕಿ ಮುಗದ ಮ್ಯಾಲ" ಎಂದಳು. ಮಾತಾಡುವಾಗಲೂ ಅವಳ ಕೈ ನಿಲ್ಲಲಿಲ್ಲ, ಮುಖ ತವೆಯ ಕಡೆಗೇ ಇತ್ತು. ನಾನು ಅವಳ ಬೆನ್ನಿನ ಜೊತೆ ಮಾತಾಡಿ ಬಂದೆ.

ತಿರುಗಿ ಬಂದು ಕುಳಿತಾಗ ನನ್ನ ತಾಟಿಗೆ ಬಿದ್ದ ಬಿಸಿರೊಟ್ಟಿ ಅವಳದ್ದು. ನಾನು ಕುಳಿತು ಉಂಡದ್ದು ಅವಳು ನಿಂತದ್ದರಿಂದ. ಹೀಗೆಂದು ಊಟ ಬಿಟ್ಟು ಏಳಲಿಲ್ಲ, ಎದ್ದರೆ ಅವಳ ಪಗಾರ ಕಡಿಮೆಯಾಗುತ್ತದೆಯೇ ಹೊರತು ಅವಳಿಗೆ ಕುರ್ಚಿ ಬರುವುದಿಲ್ಲ. ಅವಳ ರೊಟ್ಟಿಯನ್ನು ತುಣುಕೂ ಬಿಡದೆ ಉಂಡೆ. ದುಡಿದು ಗಳಿಸಿದ್ದನ್ನು ದಾಸೋಹಕ್ಕೆ ಕೊಡುವುದನ್ನು ಕಲ್ಯಾಣದಲ್ಲಿ ಕಂಡು ಬಂದವಳು ನೀನು. ನಿನ್ನ ಗುಡ್ಡಾಪುರದಲ್ಲಿ ಇಂದಿಗೂ ಬಂದವರೆಲ್ಲ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂಡುತ್ತಾರೆ. ಕುಲ ಕೇಳುವುದಿಲ್ಲ, ಊರು ಕೇಳುವುದಿಲ್ಲ, ಬಿಲ್ಲು ಬರುವುದಿಲ್ಲ. ಬಡಿಸಿದವರು ಆಮೇಲೆ ತಾವೂ ಸಾಲಿನಲ್ಲಿ ಕೂತು ಬಡಿಸಿಕೊಳ್ಳುತ್ತಾರೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರದಿಂದ, ಅಥಣಿಯಿಂದ, ಸೊಲ್ಲಾಪುರದಿಂದ ಪಾದಯಾತ್ರೆಯಲ್ಲಿ ಬರುವವರಿಗೆ ದಾರಿಯುದ್ದಕ್ಕೂ ಹಳ್ಳಿಯವರು ನಿಂತು ಉಣಿಸುತ್ತಾರೆ. ಬರಬಿದ್ದ ವರ್ಷವೂ ಉಣಿಸಿದ್ದಾರೆ. ಈ ಒಣನೆಲದಲ್ಲಿ ಎಲ್ಲರೂ ಕೂಡುವ ಸಾಲು ಹಾಕಿಕೊಟ್ಟವಳು ನೀನು. ರೊಟ್ಟಿ ಬಡಿಯುವವಳಿಗೂ ದಿನಾ ಒಂದು ಹೊತ್ತು ಬಿಸಿಯಾಗಿ, ಕುಳಿತು, ತನ್ನವರ ಮುಖ ನೋಡುತ್ತ ಉಣ್ಣುವುದು ಸಿಗಲಿ. ಅವಳ ಮಗ ಸೊಸೆಯ ಉಚಲ ಬೇಗ ತೀರಲಿ. ಮೊಮ್ಮಕ್ಕಳ ಶಾಲೆ ತಪ್ಪದಿರಲಿ. ಅವಳ ಹೊಲಕ್ಕೆ ಕಾಲುವೆ ಬರಲಿ.

ಬಿಲ್ಲು ಬಂದಾಗ ಮಗಳು ಫೋನು ತೆಗೆದಳು, ನಮ್ಮವರು ಅಂಗಿಯ ಕಿಸೆಗೆ ಕೈ ಹಾಕಿದರು. ನಾನು ಕೊಟ್ಟೆ. ಎಮ್ಮೆಯ ಹಾಲಿನ ರೊಕ್ಕ, ಡೇರಿಯಿಂದ ಬಂದದ್ದನ್ನು ಕರ್ಚೀಫಿನಲ್ಲಿ ಗಂಟು ಹಾಕಿ ತಂದಿದ್ದ ನೋಟುಗಳು. ಮಗಳು ಬೇಡ ಎಂದಳು. ನಾನು ಅಂದೆ, "ನೀ ಮಿರಜಕ್ಕ ಹೋಗುಮುಂದ ಕೊಟ್ಟಿದ್ದೂ ಇದ ರೊಕ್ಕ. ಇವತ್ತ ಊಟಾ ನಂದು." ಅವಳು ಫೋನು ಚೀಲಕ್ಕೆ ಹಾಕಿದಳು. ಎಷ್ಟೋ ವರ್ಷ ಕೈಯಿಂದ ಬಡಿಸಿದ ಮೇಲೆ, ಗಳಿಸಿದ ರೊಕ್ಕದಿಂದ ಉಣಿಸುವುದರಲ್ಲಿಯೂ ಅದೇ ತೃಪ್ತಿ ಇದೆಯೆಂದು ನನಗೆ ಗೊತ್ತಾಯಿತು. ಆ ತೃಪ್ತಿಯನ್ನೂ ಈ ಎಡೆಯಲ್ಲಿ ಇಟ್ಟಿದ್ದೇನೆ. ಅತ್ತೆ ಹೊರಗೆ ಬಂದು ಮೆಟ್ಟಿಲಿಳಿಯುತ್ತ, "ಚಲೋ ಇತ್ತು. ಉಪ್ಪು ಒಂದೀಟ ಮುಂದಾಗಿತ್ತು" ಎಂದರು. ಒಪ್ಪಿಗೆಯ ಮಾತು ಅವರಿಂದ ಹೀಗೆಯೇ ಬರುತ್ತದೆ.

ಮಗಳು ಮತ್ತೆ ಪುಣೆಗೆ ಹೋಗಿದ್ದಾಳೆ. ಶೇಂಗಾ ಚಟ್ನಿಯ ಡಬ್ಬಿ, ಕಟಕ ರೊಟ್ಟಿಯ ಗಂಟು ಸಂಗಡ ಕಳಿಸಿದ್ದೇನೆ, ವಾರ್ಡಿನ ಹುಡುಗಿಯರಿಗೂ ಆಗುವಷ್ಟು. ಮುಂದಿನ ಛಟ್ಟಿ ಅಮಾವಾಸ್ಯೆಗೆ ಒಂದು ಚೀಲ ಬಿಳಿಜೋಳ ನಿನ್ನ ದಾಸೋಹಕ್ಕೆ ಹರಕೆ ಹೊತ್ತಿದ್ದೇನೆ, ಹಿಂಗಾರು ಕೈಕೊಟ್ಟರೆ ಕೊಂಡಾದರೂ ತರುತ್ತೇನೆ. ಜತ್ತದಲ್ಲಿ ರೊಟ್ಟಿ ಬಡಿಯುವ ಆ ಅಕ್ಕನಿಗೂ ಹೇಳಿ ಬಂದಿದ್ದೇನೆ, ಜಾತ್ರೆಗೆ ಬಾ, ಒಂದೇ ಸಾಲಿನಲ್ಲಿ ಕೂಡೋಣ ಎಂದು. ಅಂದು ಹೋಟೆಲು ಬಿಡುವುದು ಕಷ್ಟ ಎಂದಳು, ಬಾರೆನೆಂದು ಹೇಳಲಿಲ್ಲ. ಮಗಳು ಆ ದಿನಕ್ಕೆ ರಜೆ ಬರೆದು ಕೊಟ್ಟಿದ್ದಾಳೆ. ಪಾಳಿಯ ಪಟ್ಟಿ ಇನ್ನೂ ಬಂದಿಲ್ಲ. ಇಬ್ಬರಿಗೂ ಆ ಒಂದು ದಿನ ಬಿಡುವು ಮಾಡಿಸಿಕೊಡು, ತಾಯಿ.